ಕಣ್ಣಿನ ನಡಿಗೆ

ಜನವರಿ 9

ಏಣಿ ಮಹಾಶಯನಿಗೆ ಅಕ್ಕನ ಆಶೀರ್ವಾದಗಳು.

ಫೋನಿನಲ್ಲಿ ನಾವಿಬ್ಬರೂ ಮಾತು ಶುರುಮಾಡಿದರೆ ಮೂರನೆಯ ಮಾತಿಗೇ ಜಗಳ. "ದೂರ ಇದ್ದಾಗ ಕಾಗದ ಬರ್ಕೊಳ್ಳಿ, ಬರೆಯೋಷ್ಟ್ರಲ್ಲಿ ಸಿಟ್ಟು ಆರುತ್ತೆ" ಎಂದು ಅಮ್ಮ ಹೇಳಿ ಹೋದದ್ದು ಸುಮ್ಮನೆ ಅಲ್ಲ. ಕಳೆದ ಭಾನುವಾರ ನೀನು ಕೇಳಿದ್ದು ನೆನಪಿದೆಯೇ? "ಅಲ್ಲ ಕಣೆ ಅಕ್ಕ, ನೀನು ಮಾಡೋ ಕೆಲ್ಸ ಆದ್ರೂ ಏನು? ಕಣ್ಣು ನೋಡ್ತೀನಿ ಅಂತೀಯ. ಕನ್ನಡಕದ ಅಂಗಡೀನಾ?" ಹಿಂದಿನಿಂದ ನಿನ್ನ ಹೆಂಡತಿ ನಕ್ಕದ್ದೂ ಕೇಳಿಸಿತು. ಅದಕ್ಕೇ ಫೋನ್ ಇಟ್ಟೆ. ಈಗ ಸಮಾಧಾನವಾಗಿ ಹೇಳುತ್ತೇನೆ, ಕೇಳು.

ನಮ್ಮದು ಉದ್ದನೆಯ ಕೋಣೆ. ಕಿಟಕಿಗೆ ದಪ್ಪ ಪರದೆ. ಬಿಸಿಲು ಬಿದ್ದರೆ ಕ್ಯಾಮೆರಾ ಮುನಿಸಿಕೊಳ್ಳುತ್ತದೆ. ಮೇಜಿನ ಮೇಲೆ ಕಂಪ್ಯೂಟರು, ಅದರ ಬುಡದಲ್ಲಿ ಶಾಲೆಯ ಸ್ಕೇಲಿನಷ್ಟು ಉದ್ದದ ಕಪ್ಪು ಪಟ್ಟಿ. ಕ್ಯಾಮೆರಾ ಇರುವುದು ಆ ಪಟ್ಟಿಯೊಳಗೆ. ಓದಲು ಬಂದವರು ಗದ್ದವನ್ನು ಒಂದು ಆನಿಕೆಯ ಮೇಲೆ ಇಟ್ಟು ಕೂರಬೇಕು. ಮೊದಲು ಕಂಪ್ಯೂಟರಿನ ಪರದೆಯ ಮೂಲೆ ಮೂಲೆಯಲ್ಲಿ ಚುಕ್ಕಿಗಳು ಕಾಣುತ್ತವೆ. ಅವನ್ನು ನೋಡುತ್ತ ಹೋದರೆ ಕ್ಯಾಮೆರಾಕ್ಕೆ ಆ ಕಣ್ಣಿನ ಪರಿಚಯವಾಗುತ್ತದೆ. ಆಮೇಲೆ ಇಂಗ್ಲಿಷಿನ ಪುಟ ಬರುತ್ತದೆ. ಮನಸ್ಸಿನಲ್ಲೇ ಓದಬೇಕು, ಬಾಯಿ ಬಿಡುವಂತಿಲ್ಲ.

ಓದುವಾಗ ಕಣ್ಣು ಸಾಲಿನ ಮೇಲೆ ಇರುವೆಯ ಹಾಗೆ ಹರಿದು ಹೋಗುತ್ತದೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಕಣ್ಣು ಮಿಡತೆ. ಕೂರುತ್ತದೆ, ಹಾರುತ್ತದೆ, ಮತ್ತೆ ಕೂರುತ್ತದೆ. ಚೆನ್ನಾಗಿ ಓದುವವರ ಮಿಡತೆ ಸಣ್ಣಪುಟ್ಟ ಪದಗಳನ್ನು ದಾಟಿಕೊಂಡು ಮುಂದೆ ಮುಂದೆ ಹಾರುತ್ತದೆ. ಒದ್ದಾಡುವವರದ್ದು ಪದಪದಕ್ಕೂ ಕೂರುತ್ತದೆ, ಕೆಲವು ಕಡೆ ಮನೆ ಮಾಡಿಕೊಂಡೇ ಕೂರುತ್ತದೆ, ಹಿಂದಕ್ಕೂ ಹಾರುತ್ತದೆ. ಈ ಹಾರಾಟ ನೋಡಿ ಯಾರಿಗೆ ಇಂಗ್ಲಿಷ್ ಓದು ಎಷ್ಟು ಬರುತ್ತದೆ ಎಂದು ಹೇಳುವುದು ನಮ್ಮ ಕೆಲಸ.

ನಿನ್ನೆ ಒಬ್ಬ ವಕೀಲರು ಬಂದಿದ್ದರು. "ನಾನು ಇಂಗ್ಲಿಷ್ ಪೇಪರ್ ಗಡಗಡ ಓದ್ತೀನಮ್ಮ" ಎಂದು ಕೂತರು. ನೋಡಿದರೆ ಅವರ ಕಣ್ಣು ಪುಟದ ಮೂಲೆಯಲ್ಲಿದ್ದ ನಾಯಿಯ ಚಿತ್ರದ ಮೇಲೆಯೇ ಇತ್ತು. ಕೇಳಿದ್ದಕ್ಕೆ, "ನಾಯಿ ಬಗ್ಗೆ ಏನು ಬೇಕಾದ್ರೂ ಕೇಳಿ, ಹೇಳ್ತೀನಿ" ಅಂದರು.

ಇಷ್ಟೇ ನನ್ನ ಕೆಲಸ. ಕನ್ನಡಕದ ಅಂಗಡಿ ಅಲ್ಲ.

ನಿನ್ನ
ಅಕ್ಕ


ಫೆಬ್ರವರಿ 2

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಎಂಥ ಹೊತ್ತಿಗೆ ಬಂತೆಂದರೆ, ಓದಿ ಮುಗಿಸಿ ಅಮ್ಮನ ಫೋಟೋಕ್ಕೆ ಒಂದು ಕೈ ಮುಗಿದೆ. ನಮ್ಮ ಲಿಫ್ಟ್ ರಿಪೇರಿಯ ಮೇಸ್ತ್ರಿ ಜೂನಿನಲ್ಲಿ ನಿವೃತ್ತಿ. ಅವನ ಜಾಗಕ್ಕೆ ಒಬ್ಬರು ಬೇಕು. ಇಷ್ಟು ವರ್ಷ ಅವನ ಹಿಂದೆ ಸ್ಪ್ಯಾನರಿನ ಚೀಲ ಹೊತ್ತು ಏರಿ ಇಳಿದವನು ನಾನು. ಈ ಊರಿನ ಯಾವ ಲಿಫ್ಟ್ ಯಾವ ಅಂತಸ್ತಿನಲ್ಲಿ ಗೊಣಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆ ಜಾಗ ನನಗೆ ಬೇಕು ಅಕ್ಕ. ಬೇರೆ ಯಾವುದನ್ನೂ ನಾನು ಇಷ್ಟು ಆಸೆಪಟ್ಟಿಲ್ಲ.

ಆದರೆ ಹೊಸ ಲಿಫ್ಟುಗಳ ರಿಪೇರಿ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಮೇಸ್ತ್ರಿಯಾದವನು ತಾನೇ ಓದಿ ಉಳಿದವರಿಗೆ ಹೇಳಬೇಕು. ಹಿಂದೆ ಸಾಹೇಬರು ಇಂಗ್ಲಿಷ್ ಓದಲು ಬರುತ್ತದೆಯೇ ಎಂದು ಬಾಯಲ್ಲಿ ಕೇಳುತ್ತಿದ್ದರು, ಎಲ್ಲರೂ ಬರುತ್ತದೆ ಎನ್ನುತ್ತಿದ್ದರು. ಆಮೇಲೆ ಕಾಗದದ ಪರೀಕ್ಷೆ ಇಟ್ಟರು. ಬೆಂಚಿನಲ್ಲಿದ್ದವರೆಲ್ಲ ಒಬ್ಬನನ್ನೇ ನೋಡಿ ಬರೆದರು. ಅವನು ಫೇಲಾದ, ಬೆಂಚೂ ಫೇಲಾಯಿತು. ಈ ಸಲ ಸಾಹೇಬರು ಹೇಳಿದರು, "ಕಣ್ಣಿನ ಪರೀಕ್ಷೆ ಇಡ್ತೀವಿ. ಕಣ್ಣು ನಕಲು ಹೊಡಿಯೋಕಾಗಲ್ಲ." ಆ ಯಂತ್ರ ಬರುವುದು ನಿಮ್ಮ ಸಂಸ್ಥೆಯಿಂದಲೇ ಅಂತೆ.

ನಾನು ಅಭ್ಯಾಸ ಶುರು ಮಾಡಿದ್ದೇನೆ. ಮೇಸ್ತ್ರಿ ನನಗೆ ಬ್ರೇಕ್ ಹೊಂದಿಸಲು ಕಲಿಸಿದ್ದು ಹೇಗೆ ಗೊತ್ತಲ್ಲ? ನನ್ನ ಕೈಮೇಲೆ ತನ್ನ ಕೈ ಇಟ್ಟು ತಿರುಗಿಸಿದ. ಯಾಕೆ ಇಷ್ಟೇ ತಿರುಗಿಸಬೇಕು ಎಂದರೆ, "ಮೊದ್ಲು ಕೈ ಕಲೀಲಿ, ತಲೆ ಹಿಂದೇನೇ ಬರುತ್ತೆ" ಅಂದ. ಬಂತು ಕೂಡ. ಈಗ ಕಣ್ಣಿಗೂ ಅದೇ ಪಾಠ. ಮೊದಲು ಕಣ್ಣು ಹಾರುವುದನ್ನು ಕಲಿಯಲಿ, ಅರ್ಥ ಹಿಂದೆಯೇ ಬರುತ್ತದೆ.

ದಿನಾ ಸಂಜೆ ರಿಪೇರಿ ಪುಸ್ತಕ ಹಿಡಿದು ಕೂರುತ್ತೇನೆ. ಎದುರಿಗೆ ನಿನ್ನ ನಾದಿನಿ ಟಾರ್ಚ್ ಹಿಡಿದು ಕೂರುತ್ತಾಳೆ. ಅವಳೇ ಕ್ಯಾಮೆರಾ. "ಕೂತ್ರಿ, ಕೂತೇ ಬಿಟ್ರಿ, ಏಳಿ ಏಳಿ" ಅನ್ನುತ್ತಾಳೆ. "ಈಗ ಹಿಂದಕ್ಕೆ ಹೋದ್ರಿ, ನಾನು ನೋಡ್ದೆ" ಅನ್ನುತ್ತಾಳೆ. ಬೇಕರಿಯಲ್ಲಿ ದಿನವೆಲ್ಲ ನಿಂತು ಬಂದವಳು, ಪಾಪ, ನಿನ್ನೆ ಕೂತಲ್ಲೇ ತೂಕಡಿಸಿದಳು. ಕ್ಯಾಮೆರಾ ಮಲಗಿತು ಎಂದು ನಾನೂ ಮಲಗಿದೆ.

ಬಸ್ಸಿನಲ್ಲೂ ಬಿಡುವುದಿಲ್ಲ. ಅಂಗಡಿಗಳ ಬೋರ್ಡು ನೋಡಿಕೊಂಡು ಕಣ್ಣು ಹಾರಿಸುತ್ತೇನೆ. ಮೊನ್ನೆ ಎದುರು ಸೀಟಿನ ಅಜ್ಜಿ, "ಕಣ್ಣಿಗೆ ಏನಾದ್ರೂ ಬಿದ್ದಿದೆಯೇನಪ್ಪ? ಉಜ್ಜಬೇಡ, ನೀರು ಹಾಕ್ಕೋ" ಅಂದರು.

ನಿನ್ನ ತಮ್ಮ
ಏಣಿ


ಫೆಬ್ರವರಿ 20

ತಮ್ಮಾ,

ನಿನ್ನ ಕಾಗದ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಮೇಜಿನವಳು ಎದ್ದು ಬಂದು ನೀರು ಕೊಟ್ಟಳು. ನಕ್ಕು ಮುಗಿದ ಮೇಲೆ ಯೋಚನೆ ಹತ್ತಿಕೊಂಡಿತು.

ಲಿಫ್ಟಿನ ಬಾಗಿಲ ಮೇಲೆ ಅಂತಸ್ತಿನ ಅಂಕೆ ಬೆಳಗುತ್ತದಲ್ಲ, ಅದನ್ನು ನೀನು ತಂತಿ ಎಳೆದು ಐದು ಎಂದು ಬೆಳಗಿಸಿದೆ ಎನ್ನು. ಲಿಫ್ಟ್ ಐದಕ್ಕೆ ಹೋಗುತ್ತದೆಯೇ? ಓದುವವರ ಕಣ್ಣು ಆ ಅಂಕೆ ಕಣೋ. ಒಳಗೆ ಅರ್ಥ ಏರುತ್ತಿದ್ದರೆ ಅದು ತಾನಾಗಿ ಬೆಳಗುತ್ತದೆ. ನೀನು ಅಂಕೆಗೆ ಅಭ್ಯಾಸ ಮಾಡಿಸುತ್ತಿದ್ದೀಯ.

ಇನ್ನೊಂದು ಮಾತು. ಹಿಂದಕ್ಕೆ ಹಾರುವುದು ತಪ್ಪಲ್ಲ. ಚೆನ್ನಾಗಿ ಓದುವವರೂ ಆಗಾಗ ಹಿಂದಕ್ಕೆ ಹಾರುತ್ತಾರೆ, ನಾನೂ ಹಾರುತ್ತೇನೆ. ನಿನಗೆ ಕಥೆ ಹೇಳುವ ಉಮೇದಿನಲ್ಲಿ ಅದನ್ನು ಬಿಟ್ಟುಬಿಟ್ಟೆ. ನಿಮ್ಮಲ್ಲಿಗೆ ಯಂತ್ರ ತರುವುದು ನಮ್ಮ ಕಿರಿಯ ಸಹೋದ್ಯೋಗಿ. ನಾನು ಬರುವಂತಿಲ್ಲ, ಯಾವ ಪುಟ ಇರುತ್ತದೆ ಎಂದು ಹೇಳುವಂತೆಯೂ ಇಲ್ಲ. ಹೇಳಬಹುದಾದದ್ದು ಇಷ್ಟೇ: ನಿಧಾನವಾಗಿಯೇ ಓದು, ಆದರೆ ಓದು.

ನಿನ್ನ ಹೆಂಡತಿಯನ್ನು ಬೇಗ ಮಲಗಲು ಬಿಡು.

ಅಕ್ಕ


ಮಾರ್ಚ್ 28

ಅಕ್ಕನಿಗೆ,

ಅಂಕೆ, ತಂತಿ ಎಂದು ನನ್ನ ಕಸುಬಿನಿಂದಲೇ ಕಲ್ಲು ಹೆಕ್ಕಿ ನನಗೇ ಹೊಡೆದೆಯಲ್ಲ. ಇರಲಿ. ಈಗ ನನ್ನ ಸುದ್ದಿ ಕೇಳು.

ಮೊನ್ನೆ ನಿಮ್ಮ ಆಫೀಸಿನ ಹುಡುಗಿ ಯಂತ್ರ ತಂದಿದ್ದಳು. ನಿಜವಾದ ಪರೀಕ್ಷೆ ಜೂನಿನಲ್ಲಿ. ಇದು ಎಲ್ಲರಿಗೂ ಅಭ್ಯಾಸವಾಗಲಿ ಎಂದು. ಗೋದಾಮಿನ ಪಕ್ಕದ ಕೋಣೆಯಲ್ಲಿ ಇಟ್ಟರು. ನಮ್ಮವರೆಲ್ಲ ಬಾಗಿಲಲ್ಲಿ ನೆರೆದಿದ್ದರು, ಯಾರಿಗೋ ಹಲ್ಲು ಕೀಳುತ್ತಾರೆ ಎನ್ನುವ ಹಾಗೆ. ವೈರಿಂಗಿನವನು ಓದಿ ಮುಗಿಸಿದಾಗ ಪರದೆಗೆ ಕಿತ್ತಳೆ ಬಣ್ಣ ಬಂತು, ಅಂದರೆ ಓದು ಅಷ್ಟಕ್ಕಷ್ಟೆ ಅಂತೆ. ಗ್ರೀಸ್ ಹಚ್ಚುವವನಿಗೆ ಕೆಂಪು. ನಾನು ಗದ್ದ ಇಟ್ಟು ಕೂತೆ. ಮಿಡತೆ ಬಿಟ್ಟೆ ನೋಡು. ಸಾಲಿನ ಕೊನೆಗೆ ಹೋಗಿ ಮುಂದಿನ ಸಾಲಿಗೆ ಇಳಿಯುವುದು, ಹಾರುವುದು, ಇಳಿಯುವುದು. ಒಂದು ಸಲವೂ ಹಿಂದಕ್ಕೆ ಹೋಗಲಿಲ್ಲ. ಪರದೆ ಹಸಿರಾಯಿತು. "ಉತ್ತಮ ಓದುಗ" ಎಂದು ಬಂತು. ನಿಮ್ಮ ಹುಡುಗಿ, "ಸರ್, ತುಂಬ ಚೆನ್ನಾಗಿ ಓದ್ತೀರ" ಅಂದಳು. ಸರ್ ಅಂದಳು ಅಕ್ಕ. ಮೇಸ್ತ್ರಿ ನನ್ನ ಬೆನ್ನಿಗೆ ಹೊಡೆದ ಏಟು ಈಗಲೂ ನೋಯುತ್ತಿದೆ. ಎಲ್ಲರಿಗೂ ಅವನೇ ಟೀ ಕೊಡಿಸಿದ.

ಪುಟದಲ್ಲಿ ಏನಿತ್ತು ಎಂದು ಕೇಳಬೇಡ. ಒಂದು ಕುದುರೆಯೋ ಮನೆಯೋ ಇತ್ತು. ಕೊನೆಗೆ ಯಾರೋ ಎಲ್ಲಿಗೋ ಹೋದರು.

ಅರ್ಥ ಬರುತ್ತದೆ ಬಿಡು, ಬರದೆ ಎಲ್ಲಿ ಹೋಗುತ್ತದೆ. ಜೂನಿನ ತನಕ ನೀನು ಸುಮ್ಮನಿರು. ನಿಮ್ಮ ಕೋಣೆಯಲ್ಲಿ ಬಾಯಿ ಬಿಡುವಂತಿಲ್ಲ ಅಂದಿದ್ದೆಯಲ್ಲ, ಈ ವಿಷಯದಲ್ಲೂ ಬಿಡಬೇಡ.

ನಿನ್ನ
ಉತ್ತಮ ಓದುಗ


ಏಪ್ರಿಲ್ 19

ತಮ್ಮಾ,

ಇಷ್ಟು ದಿನ ಕಾಗದ ಬರೆಯಲಿಲ್ಲ. ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ಸುತ್ತಿ ಬಳಸಿ ಹೇಳಿದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಾನು ಬಾಯಿ ಬಿಟ್ಟೆ.

ನಮ್ಮ ಮೇಲಿನವರ ಹತ್ತಿರ ಹೋಗಿ, ಏನೂ ಅರ್ಥವಾಗದೆ ಕಣ್ಣು ಮಾತ್ರ ಹಾರಿಸಿದವರೂ ನಮ್ಮ ಯಂತ್ರದಲ್ಲಿ ಉತ್ತಮ ಓದುಗರಾಗಬಹುದು ಎಂದೆ. ಅವರು ನಂಬಲಿಲ್ಲ. "ಅಷ್ಟು ಕಷ್ಟಪಟ್ಟು ಯಾರು ಅಭ್ಯಾಸ ಮಾಡ್ತಾರಮ್ಮ? ಅದರ ಬದಲು ಇಂಗ್ಲಿಷನ್ನೇ ಕಲೀಬಹುದಲ್ಲ" ಅಂದರು. "ಅಂಥವರು ಇದಾರೆ ಸರ್" ಅಂದೆ. "ಯಾರು?" ಅಂದರು. "ಯಾರು ಅಂತ ಹೇಳಲ್ಲ, ಹೇಗೆ ಅಂತ ಮಾಡಿ ತೋರಿಸ್ತೀನಿ" ಎಂದು, ನನಗೆ ಒಂದಕ್ಷರವೂ ಬಾರದ ಭಾಷೆಯ ಪುಟವೊಂದನ್ನು ಹಾಕಿಸಿ, ನಾನೇ ಗದ್ದ ಇಟ್ಟು, ನೀನು ಬರೆದ ಹಾಗೆಯೇ ಕಣ್ಣು ಹಾರಿಸಿದೆ. ನನಗೂ ಹಸಿರು ಬಂತು. "ಸರಿ, ಪುಟದ ಕೊನೆಗೆ ಪ್ರಶ್ನೆ ಹಾಕೋಣ" ಅಂದರು.

ಇನ್ನು ಮುಂದೆ ಪ್ರತಿ ಪುಟದ ನಂತರ ಪ್ರಶ್ನೆಗಳಿರುತ್ತವೆ. ಓದಿದ್ದು ತಿಳಿಯಿತೇ ಎಂದು ಕೇಳುತ್ತಾರೆ. ಎಲ್ಲ ಕಡೆಯೂ, ನಿಮ್ಮಲ್ಲಿಯೂ. ನಿಮ್ಮ ಆಫೀಸಿಗೂ ಇಷ್ಟರಲ್ಲೇ ತಿಳಿಸುತ್ತಾರೆ. ಜೂನಿಗೆ ನೀನು ಕೂರುವ ಪರೀಕ್ಷೆ ಮಾರ್ಚಿನಲ್ಲಿ ಕೂತಂಥದ್ದಲ್ಲ.

ಯಂತ್ರದ ಮರ್ಯಾದೆಗಾಗಿ ಹೀಗೆ ಮಾಡಿದೆ ಅಂದುಕೊಳ್ಳಬೇಡ. ನಿನ್ನ ಕಾಗದ ಓದಿದ ದಿನದಿಂದ ನನ್ನ ಕಣ್ಣೆದುರು ಒಂದೇ ಚಿತ್ರ. ನೀನು ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದೀಯ. ಮಂಡಿಯ ಮೇಲೆ ಹೊಸ ಪುಸ್ತಕ. ಕೆಳಗೆ ನಿನ್ನವರು, ನಮ್ಮ ಮೇಸ್ತ್ರಿ ಓದಿದ್ದಾನೆ ಎಂದು ನಂಬಿ ನಿಂತಿದ್ದಾರೆ. ಆ ಪುಟದಲ್ಲಿ "ಇದನ್ನು ಬಿಚ್ಚುವ ಮುನ್ನ" ಎಂದು ಏನೋ ಬರೆದಿದೆ. ನಿನ್ನ ಕಣ್ಣು ಅದರ ಮೇಲಿಂದ ಚೆಂದವಾಗಿ ಹಾರಿ ಹೋಗುತ್ತದೆ.

ನಿನ್ನನ್ನು ಕೇಳಿ ಆಮೇಲೆ ಹೇಳಬಹುದಿತ್ತು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ನೀನು ಬೇಡ ಎಂದಮೇಲೆ ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.

ಬೈಯುವುದಾದರೆ ಬೈದು ಬರಿ. ಬರೆಯದೆ ಮಾತ್ರ ಇರಬೇಡ.

ಅಕ್ಕ


ಮೇ 22

ಅತ್ತಿಗೆಯವರಿಗೆ ನಮಸ್ಕಾರಗಳು.

ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಬೇಕರಿಯ ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಲ್ಲಲ್ಲಿ ಸಕ್ಕರೆ ಅಂಟಿದ್ದರೆ ಬೇಸರಿಸಬೇಡಿ. ನೀವು ಇಷ್ಟು ದಿನ ಅಂಚೆಯವನ ದಾರಿ ಕಾದಿರುತ್ತೀರಿ, ಅದಕ್ಕೇ ಈ ಕಾಗದ.

ನಿಮ್ಮ ಕಾಗದ ಬಂದ ದಿನ ಅವರು ಊಟ ಬೇಡ ಅಂದರು. ಕೇಳಿದ್ದಕ್ಕೆ, "ನಮ್ಮಕ್ಕ ನನ್ನ ಕಾಲಕೆಳಗಿನ ಏಣಿ ತೆಗೆದ್ಲು" ಅಂದರು. ಎಲ್ಲರೂ ಏಣಿ ಎಂದು ಕರೆಯುವವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು, ಆದರೆ ನಗುವ ಹೊತ್ತಲ್ಲ ಎಂದು ನುಂಗಿಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೂ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಟಾರ್ಚ್ ಹಿಡಿದು ಕೂತವಳು ನಾನು ತಾನೇ.

ಆ ವಾರ ಅವರು ಪುಸ್ತಕ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ ಮೇಸ್ತ್ರಿ ಮನೆಗೆ ಬಂದರು. ಇವರು ಅವರ ಮುಂದೆ ಎಲ್ಲ ಹೇಳಿಕೊಂಡರು. ಮಿಡತೆ, ಹಸಿರು, ನೀವು ಮಾಡಿದ್ದು, ಎಲ್ಲ. ಕೊನೆಗೆ, "ನೀನೇ ತಾನೇ ಹೇಳಿದ್ದು, ಕೈ ಕಲೀಲಿ, ತಲೆ ಹಿಂದೇನೇ ಬರುತ್ತೆ ಅಂತ" ಎಂದು ಅವರ ಮೇಲೇ ಹಾಕಿದರು.

ಮೇಸ್ತ್ರಿ ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು, "ಬಂತು ಅಂತೀಯಲ್ಲ, ಯಾಕೆ ಬಂತು? ನಾನು ಪಕ್ಕದಲ್ಲಿ ನಿಂತಿದ್ದೆ. ತಪ್ಪು ತಿರುಗಿಸಿದಾಗೆಲ್ಲ ತಲೆಗೆ ಮೊಟಕ್ತಿದ್ದೆ. ಮೊಟಕಿ ಮೊಟಕಿ ನಿನ್ನ ತಲೆ ಎಚ್ಚರಾಯ್ತು. ಕಣ್ಣು ತಪ್ಪು ಹಾರಿದ್ರೆ ಮೊಟಕೋರು ಯಾರಯ್ಯ ಇದಾರೆ ಅಲ್ಲಿ?"

ಅವರು ಹೋದಮೇಲೆ ಇವರು ಬಂದು ನನ್ನೆದುರು ಕೂತರು. "ಇನ್ಮೇಲೆ ನನ್ನ ಕಣ್ಣು ನೋಡ್ಬೇಡ ಮಾರಾಯ್ತಿ. ನಾನು ಅರ್ಥ ಹೇಳ್ತೀನಿ, ನೀನು ನಿಘಂಟು ನೋಡು. ತಪ್ಪಾದ್ರೆ ಮೊಟಕು" ಅಂದರು. ಅಂದಿನಿಂದ ಒಂದು ಕೈಯಲ್ಲಿ ನಿಘಂಟು, ಇನ್ನೊಂದು ಕೈಯಲ್ಲಿ ಸೌಟು. ಮದುವೆಯಾದ ದಿನದಿಂದ ಇದ್ದ ಆಸೆ ಅತ್ತಿಗೆ, ಈಗ ತೀರುತ್ತಿದೆ.

ನಿಧಾನ ಅಂದರೆ ಬಹಳ ನಿಧಾನ. ಒಂದು ಸಂಜೆಗೆ ಅರ್ಧ ಪುಟ. ಆದರೆ ಆ ಅರ್ಧ ಪುಟದಲ್ಲಿ ಇರುವುದನ್ನೆಲ್ಲ ನನಗೂ ತಿಳಿಯುವ ಹಾಗೆ ಹೇಳುತ್ತಾರೆ. ಲಿಫ್ಟಿನ ಹಗ್ಗ ಸವೆದದ್ದು ಹೇಗೆ ಗೊತ್ತಾಗುತ್ತದೆ ಎಂದು ಈಗ ನನ್ನನ್ನು ಕೇಳಿ, ಹೇಳುತ್ತೇನೆ. ಬೇಕರಿಯ ಡಬ್ಬಗಳ ಮೇಲೆ ಬರೆದಿರುವುದೂ ಒಂದೊಂದಾಗಿ ತಿಳಿಯುತ್ತಿದೆ. ಇಷ್ಟು ದಿನ ನಾನು ತಂಪಿನಲ್ಲಿ ಇಡಬೇಕಾದ್ದನ್ನು ಕಿಟಕಿಯಲ್ಲಿ ಇಡುತ್ತಿದ್ದೆ.

ಅವರ ಸಿಟ್ಟು ಇನ್ನೂ ಇದೆ. ಆದರೆ ಸಾಬೂನಿನ ಹಾಗೆ ಸವೆದು ತೆಳ್ಳಗಾಗಿದೆ. ನೀವು ಫೋನ್ ಮಾಡಬೇಡಿ, ಕೆಟ್ಟೀತು.

ನಿಮ್ಮ
ಹಳೆ ಕ್ಯಾಮೆರಾ


ಜೂನ್ 30

ಅಕ್ಕನಿಗೆ,

ಅವಳು ನಿನಗೆ ಬರೆದದ್ದು ಗೊತ್ತಾಯಿತು. ನಿನ್ನ ಉತ್ತರ ಬೇಕರಿಗೆ ಬಂದರೆ ನನಗೆ ತಿಳಿಯುವುದಿಲ್ಲವೇ? ನಾನು ರೊಟ್ಟಿ ತರುವುದೂ ಅಲ್ಲಿಂದಲೇ.

ಪರೀಕ್ಷೆ ಆಯಿತು. ನನ್ನ ಎದುರಾಳಿ ಇನ್ನೊಂದು ಶಾಖೆಯ ಹೆಂಗಸು. ಕಟ್ಟುಮಸ್ತಾದ ಕೈ, ಲಿಫ್ಟಿನ ಕೆಲಸ ನನ್ನಷ್ಟೇ ಬಲ್ಲಳು. ಅವಳು ಚಕಚಕನೆ ಓದಿ ಚಕಚಕನೆ ಉತ್ತರ ಹೇಳಿ ಎದ್ದಳು. ಆಮೇಲೆ ನಾನು ಕೂತೆ. ಮಿಡತೆಯನ್ನು ಮರೆತೆ ಅಕ್ಕ. ಜೇನುನೊಣ ಗೂಡು ಬದಲಿಸುವುದರ ಬಗ್ಗೆ ಇತ್ತು ಪುಟ. ತಿಳಿಯದ ಕಡೆ ನಿಂತೆ, ಹಿಂದಕ್ಕೆ ಹೋದೆ, ಮತ್ತೆ ಬಂದೆ. ತಲೆಗೆ ಸೌಟು ಬೀಳುತ್ತದೆಯೇನೋ ಎಂದು ಎರಡು ಸಲ ಮೇಲೆ ನೋಡಿದೆ. ಕ್ಯಾಮೆರಾ ಅದನ್ನೂ ಬರೆದುಕೊಂಡಿರುತ್ತದೆ. ಕೊನೆಯ ಪುಟದ ಮಧ್ಯದಲ್ಲಿದ್ದಾಗ ಹೊತ್ತು ಮುಗಿಯಿತು.

ಓದಿದಷ್ಟರ ಪ್ರಶ್ನೆಗಳಿಗೆ ಒಂದು ಬಿಟ್ಟು ಎಲ್ಲ ಸರಿ. ವೇಗ ಮಾತ್ರ ಸಾಲದು ಎಂದು ಬಂತು. ಜಾಗ ಅವಳಿಗೆ ಆಯಿತು. ನ್ಯಾಯವಾಗಿಯೇ ಆಯಿತು. ನ್ಯಾಯವಾದದ್ದೂ ನೋಯುತ್ತದೆ, ಅಷ್ಟೆ. ಮನೆಗೆ ಬರದೆ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತಿದ್ದೆ. ಮೇಸ್ತ್ರಿ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತ. "ಇಷ್ಟು ವರ್ಷ ನಮ್ಮಲ್ಲಿ ಇಂಗ್ಲಿಷ್ ಓದೋನು ಒಬ್ಬನೂ ಇರಲಿಲ್ಲ. ಈಗ ಇಬ್ಬರಾದ್ರಿ" ಅಂದ. ಸಮಾಧಾನಕ್ಕೆ ಹೇಳಿದನೋ ನಿಜಕ್ಕೆ ಹೇಳಿದನೋ ಕೇಳಲಿಲ್ಲ.

ನಿನ್ನೆ ಹೊಸ ಮೇಸ್ತ್ರಿಯ ಮೊದಲ ದಿನ. ಆಸ್ಪತ್ರೆಗೆ ಹೊಸ ಲಿಫ್ಟ್ ಬಂದಿದೆ. ಇಬ್ಬರೂ ಅದರ ನೆತ್ತಿ ಏರಿ ಕೂತು ಪುಸ್ತಕ ತೆರೆದೆವು. ಅವಳು ಪುಟ ಮಗುಚಲು ಹೋದಾಗ, "ಒಂದ್ನಿಮಿಷ ಇರಮ್ಮ, ಆ ಸಾಲು ಇನ್ನೊಂದ್ಸಲ ನೋಡ್ತೀನಿ" ಅಂದೆ. ನಾನು ತಪ್ಪು ತಿಳಿದಿದ್ದೆ. ಮೊದಲು ಲಿಫ್ಟಿಗೆ ಎದುರಾಗಿ ತೂಗುವ ಭಾರವನ್ನು ಕಟ್ಟಿ ಆಮೇಲೆ ಬ್ರೇಕ್ ಸಡಿಲಿಸಬೇಕಿತ್ತು, ಇಲ್ಲದಿದ್ದರೆ ಲಿಫ್ಟ್ ನಮ್ಮನ್ನು ಹೊತ್ತೇ ಓಡುತ್ತದೆ. ನಾನು ಅದನ್ನೇ ಹಿಂದುಮುಂದಾಗಿ ಓದಿಕೊಂಡಿದ್ದೆ. ಅವಳು ಬಿಡಿಸಿ ಹೇಳಿದಳು. ತಲೆಯಾಡಿಸಿದೆ. ಸ್ಪ್ಯಾನರ್ ಕೆಳಗಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ಹಸಿರು ಬಂದ ದಿನ ನನ್ನ ಕೈಗೆ ಅದೇ ಪುಟ ಕೊಟ್ಟಿದ್ದರೆ ಎಂದು ಯೋಚಿಸುತ್ತಿದ್ದೆ.

ನನಗೆ ಆ ಜಾಗ ಬೇಕಿತ್ತು ಅಕ್ಕ. ನಿನ್ನಿಂದಲೇ ಹೋಯಿತು ಎಂದು ಒಂದೊಂದು ಸಲ ಅನ್ನಿಸುತ್ತದೆ. ನಿನ್ನಿಂದ ಉಳಿದೆ ಎಂದೂ ಅನ್ನಿಸುತ್ತದೆ. ಎರಡೂ ಒಂದೇ ಮನೆಯಲ್ಲಿ ವಾಸ ಮಾಡುತ್ತಿವೆ, ಆಗಾಗ ಕಿತ್ತಾಡುತ್ತವೆ. ಕಾಗದದಲ್ಲಿ ಅವನ್ನು ಸುಮ್ಮನಾಗಿಸಲು ನನ್ನಿಂದ ಆಗದು.

ರಜೆ ಹಾಕಿ ಬಾ. ಜಗಳ ಎದುರಿಗೇ ಆಡೋಣ.

ನಿನ್ನ
ಏಣಿ


ಜುಲೈ 6

ತಮ್ಮಾ,

ಇಂದು ಬೆಳಿಗ್ಗೆ ಹೊಸ ಕ್ಯಾಮೆರಾ ಬಂತು. ನಿಮ್ಮಲ್ಲಿಗೆ ಬಂದಿದ್ದಳಲ್ಲ, ಅದೇ ಹುಡುಗಿ ಅದನ್ನು ಹೊಂದಿಸುತ್ತಿದ್ದಳು. "ಅಕ್ಕ, ಇಲ್ಲಿ ಕೂತು ಏನಾದ್ರೂ ಓದ್ತಾ ಇರಿ, ಕಣ್ಣು ಸಿಗುತ್ತಾ ನೋಡ್ತೀನಿ" ಅಂದಳು. ಅಂಚೆಯವನು ಆಗಷ್ಟೇ ನಿನ್ನ ಕಾಗದ ಕೊಟ್ಟು ಹೋಗಿದ್ದ. ಅದನ್ನೇ ಪರದೆಗೆ ಕ್ಲಿಪ್ ಹಾಕಿ ಸಿಕ್ಕಿಸಿ, ಗದ್ದ ಇಟ್ಟು ಓದಿದೆ.

ಮೊದಮೊದಲು ಎಲ್ಲ ಸರಿಯಿತ್ತಂತೆ. ಜೇನುನೊಣದ ತನಕ ಚೆನ್ನಾಗಿ ಹಾರಿದೆನಂತೆ. ಬಸ್ ನಿಲ್ದಾಣದಲ್ಲಿ ನಿಂತುಬಿಟ್ಟೆನಂತೆ. ಆಸ್ಪತ್ರೆಯ ಲಿಫ್ಟಿನ ಹತ್ತಿರ ಹಿಂದಕ್ಕೂ ಮುಂದಕ್ಕೂ ಎಷ್ಟೋ ಸಲ ಓಡಾಡಿದೆನಂತೆ. ಕೊನೆಯ ಎರಡು ಸಾಲಿಗೆ ಬಂದವಳು ಅಲ್ಲೇ ಕೂತೆ. ಅವಳು ಆಚೆಯಿಂದ ಹೇಳಿದಳು, "ಅಕ್ಕ, ಕಣ್ಣು ಸಿಗ್ತಿಲ್ಲ. ನೀರು ತುಂಬಿದ್ರೆ ಕ್ಯಾಮೆರಾಗೆ ಪಾಪೆ ಕಾಣಲ್ಲ. ಒರೆಸ್ಕೊಂಡು ಮತ್ತೆ ಓದಿ."

ಒರೆಸಿಕೊಂಡು ಮತ್ತೆ ಓದಿದೆ. ಮತ್ತೆ ಸಿಗಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.

ಅಕ್ಕ